ಒಂದೇ ಟ್ರೇಯಲ್ಲಿ ಆರು ಆರ್ಮರ್ಡ್ ಕೇಬಲ್: ಪಟ್ಟಿಯ 409 ಆಂಪಿಯರ್ ನಮ್ಮ ಗಿರಣಿಗೆ ಬರುವಷ್ಟರಲ್ಲಿ ಎಷ್ಟಾಗುತ್ತದೆ?

ಪ್ರಶ್ನೆ: ರಾಯಚೂರು ಜಿಲ್ಲೆಯ ಒಂದು ದೊಡ್ಡ ಅಕ್ಕಿ ಗಿರಣಿಯಲ್ಲಿ ವಿದ್ಯುತ್ ನಿರ್ವಹಣೆ ನೋಡಿಕೊಳ್ಳುತ್ತಿದ್ದೇನೆ. ಮುಖ್ಯ ಪ್ಯಾನೆಲ್‌ನಿಂದ ಆರು ಆರ್ಮರ್ಡ್ (ಉಕ್ಕಿನ ಕವಚವಿರುವ) ಕೇಬಲ್‌ಗಳು ಹೊರಡುತ್ತವೆ. ಎಲ್ಲವೂ ಮೂರೂವರೆ ಕೋರ್ (ಮೂರು ಫೇಸ್ ವಾಹಕ, ಅರ್ಧ ಗಾತ್ರದ ಒಂದು ನ್ಯೂಟ್ರಲ್), 240 ಚದರ ಮಿಮೀ, ಅಲ್ಯೂಮಿನಿಯಂ, ಎಕ್ಸ್‌ಎಲ್‌ಪಿಇ ಪ್ಲಾಸ್ಟಿಕ್ ನಿರೋಧಕದವು. 450 ಮಿಮೀ ಅಗಲದ, ತಳದಲ್ಲಿ ರಂಧ್ರಗಳಿರುವ ಟ್ರೇಯಲ್ಲಿ ಒಂದಕ್ಕೊಂದು ತಾಗಿಕೊಂಡು ಮಲಗಿವೆ. ಪ್ರತಿಯೊಂದಕ್ಕೂ 400 ಆಂಪಿಯರ್‌ನ ಎಂಸಿಸಿಬಿ (ಪ್ರವಾಹ ಮಿತಿ ಮೀರಿದರೆ ಕಡಿಯುವ ಬ್ರೇಕರ್) ಇದೆ. ಈ ಫೀಡರ್ ಕೇಬಲ್‌ಗಳ ಪೈಕಿ ನಾಲ್ಕರಲ್ಲಿ ಹಂಗಾಮಿನಲ್ಲಿ 245, 230, 210 ಮತ್ತು 190 ಆಂಪಿಯರ್ ಹರಿಯುತ್ತದೆ. ಐದನೆಯದು ದೀಪಗಳಿಗೆ, 40 ಆಂಪಿಯರ್ ದಾಟುವುದಿಲ್ಲ. ಆರನೆಯದು ಅಗ್ನಿಶಾಮಕ ಪಂಪಿಗೆ. ಟ್ರೇ ತಗಡಿನ ಚಾವಣಿಯ ಕೆಳಗೆ ಹಾದು, ಭತ್ತ ಬೇಯಿಸುವ ಬಾಯ್ಲರ್ ಪಕ್ಕದಲ್ಲಿ ಹತ್ತು ಹನ್ನೆರಡು ಮೀಟರ್ ಸಾಗಿ, ಸ್ವಲ್ಪ ದೂರ ಬಯಲಿನಲ್ಲಿಯೂ ಹೋಗುತ್ತದೆ. ಈಗ ಇನ್ನೆರಡು ಕೇಬಲ್ ಎಳೆಯಬೇಕಾಗಿದೆ. ಇರುವ ಕೇಬಲ್‌ಗಳ ಮೇಲೆಯೇ ಹಾಸೋಣ ಎನ್ನುತ್ತಾರೆ ಗುತ್ತಿಗೆದಾರರು. ಪಟ್ಟಿಯಲ್ಲಿ ಈ ಕೇಬಲ್‌ಗೆ 409 ಆಂಪಿಯರ್ ಇದೆ, ಮೇಲಾಗಿ ಉಕ್ಕಿನ ಆರ್ಮರ್ ಬಿಸಿಯನ್ನು ಎಳೆದುಕೊಳ್ಳುತ್ತದೆ, ಚಿಂತೆ ಬೇಡ ಎಂಬುದು ಅವರ ವಾದ. ಸಲಹೆಗಾರರೊಬ್ಬರು ಟ್ರೇಯಲ್ಲಿರುವ ಕೇಬಲ್‌ಗೆ ಕಣ್ಣು ಮುಚ್ಚಿ ಅರ್ಧ ಹಿಡಿಯಿರಿ ಎಂದರು. ಯಾರ ಮಾತು ಸರಿ?

ಉತ್ತರ: ಇಬ್ಬರದೂ ಅಲ್ಲ. ಗುತ್ತಿಗೆದಾರರ 409 ಕಟ್ಟುಕಥೆಯಲ್ಲ. ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಐಇಸಿ 60364ರ ಐದನೇ ಭಾಗದ ಕೋಷ್ಟಕದಲ್ಲಿ ನಿಮ್ಮ ಅಳತೆಯ ಕೇಬಲ್‌ಗೆ ಅದೇ ಅಂಕಿ ಇದೆ. ಆದರೆ ಆ ಅಂಕಿಯ ಹಿಂದೆ ಮೂರು ಷರತ್ತುಗಳಿವೆ: ಸುತ್ತಲಿನ ಗಾಳಿ 30 ಡಿಗ್ರಿ ಇರಬೇಕು, ಕೇಬಲ್ ಒಂಟಿಯಾಗಿರಬೇಕು, ಅದರ ಸುತ್ತ ಗಾಳಿ ಸಲೀಸಾಗಿ ಆಡಬೇಕು. ನಿಮ್ಮ ಗಿರಣಿಯಲ್ಲಿ ಮೂರೂ ಇಲ್ಲ. ಸಲಹೆಗಾರರ ಅರ್ಧದ ಸೂತ್ರ ಈಗಿನ ಸ್ಥಿತಿಗೆ ಅತಿ ಎಚ್ಚರಿಕೆಯದಾಗುತ್ತದೆ. ಗುತ್ತಿಗೆದಾರರು ಹೇಳಿದಂತೆ ಮೇಲೆ ಎರಡು ಹಾಸಿಬಿಟ್ಟರೆ ಅದೂ ಸಾಲುವುದಿಲ್ಲ. ಟ್ರೇಯನ್ನು ಒಮ್ಮೆ ನಡೆದು ನೋಡದೆ ಆಂಪಿಯರ್ ಹೇಳುವವರನ್ನು ನಾನು ನಂಬುವುದಿಲ್ಲ.

ಮೊದಲು ಬಿಸಿಯ ಲೆಕ್ಕ. 240 ಚದರ ಮಿಮೀ ಅಲ್ಯೂಮಿನಿಯಂ ವಾಹಕದ ರೋಧ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 0.125 ಓಮ್. 90 ಡಿಗ್ರಿಗೆ ಕಾದಾಗ ಅದು 0.16 ಓಮ್ ಆಗುತ್ತದೆ. ಮೂರು ಫೇಸ್‌ಗಳಲ್ಲಿ 255 ಆಂಪಿಯರ್ ಹರಿದರೆ ಒಂದು ಮೀಟರ್ ಕೇಬಲ್‌ನಲ್ಲಿ ಸುಮಾರು 31 ವ್ಯಾಟ್ ಶಾಖ ಹುಟ್ಟುತ್ತದೆ. 335 ಆಂಪಿಯರ್ ಹರಿದರೆ 54 ವ್ಯಾಟ್. ಪ್ರವಾಹ ಮೂರನೇ ಒಂದು ಭಾಗದಷ್ಟು ಏರಿದರೂ ಸಾಕು, ಶಾಖ ಮುಕ್ಕಾಲು ಪಾಲು ಏರಿಬಿಡುತ್ತದೆ. ಈ ಶಾಖ ನಿರೋಧಕ ಪದರ, ಆರ್ಮರ್ ಮತ್ತು ಹೊರಕವಚ ದಾಟಿ ಗಾಳಿ ಸೇರಬೇಕು. ಎಕ್ಸ್‌ಎಲ್‌ಪಿಇ ನಿರೋಧಕ ಸದಾಕಾಲ ತಡೆದುಕೊಳ್ಳುವುದು 90 ಡಿಗ್ರಿಯವರೆಗೆ. ಪಿವಿಸಿ ಆದರೆ 70. ವಾಹಕ ಆ ಮಿತಿಯಲ್ಲಿ ನಿಲ್ಲುವಷ್ಟು ಪ್ರವಾಹವೇ ಕೇಬಲ್‌ನ ಸಾಮರ್ಥ್ಯ. ಹಾಗಾಗಿ ಒಂದೇ ಡ್ರಮ್ಮಿನಿಂದ ಕತ್ತರಿಸಿದ ಎರಡು ತುಂಡುಗಳಿಗೆ ಎರಡು ಜಾಗದಲ್ಲಿ ಎರಡು ಸಾಮರ್ಥ್ಯ ಇರುತ್ತದೆ.

ಗಾಳಿ ಮೊದಲೇ ಬಿಸಿಯಾಗಿದ್ದರೆ ವಾಹಕಕ್ಕೆ ಏರಲು ಉಳಿಯುವ ಅಂತರ ಕಡಿಮೆ. 30 ಡಿಗ್ರಿಯ ಗಾಳಿಯಲ್ಲಿ 90ಕ್ಕೆ ಏರಲು 60 ಡಿಗ್ರಿ ಅಂತರವಿದೆ, 50 ಡಿಗ್ರಿಯ ಗಾಳಿಯಲ್ಲಿ 40 ಮಾತ್ರ. ಶಾಖ ಪ್ರವಾಹದ ವರ್ಗದಂತೆ ಏರುವುದರಿಂದ ಸಾಮರ್ಥ್ಯ ಈ ಅನುಪಾತದ ವರ್ಗಮೂಲದಂತೆ ಇಳಿಯುತ್ತದೆ. 40ನ್ನು 60ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, 0.82 ಬರುತ್ತದೆ. ಪಟ್ಟಿಯ ಅಂಕಿಯನ್ನು ಗುಣಿಸಬೇಕಾದ ಈ ಸಂಖ್ಯೆಯೇ ಗುಣಾಂಕ, ಕೋಷ್ಟಕದಲ್ಲಿರುವುದೂ ಅದೇ. ಈ ಒಂದು ಸಂಬಂಧ ನೆನಪಿದ್ದರೆ ತಾಪಮಾನದ ಗುಣಾಂಕಕ್ಕಾಗಿ ಪುಸ್ತಕ ಹುಡುಕಬೇಕಾಗಿಲ್ಲ.

ನಮ್ಮಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಇದರ ಪಕ್ಕದಲ್ಲಿಯೇ. ಐಇಸಿ ಕೋಷ್ಟಕಗಳು 30 ಡಿಗ್ರಿ ಗಾಳಿಯನ್ನು ಆಧಾರವಾಗಿ ಹಿಡಿಯುತ್ತವೆ. ಭಾರತೀಯ ಪದ್ಧತಿಯ ಪಟ್ಟಿಗಳು, ಅಂದರೆ ಐಎಸ್ 3961ರ ಸಾಲಿನಲ್ಲಿ ಬರುವ ಅಂಕಿಗಳು ಮತ್ತು ನಮ್ಮ ತಯಾರಕರ ಪುಸ್ತಿಕೆಗಳು, ಸಾಮಾನ್ಯವಾಗಿ 40 ಡಿಗ್ರಿಯನ್ನು ಹಿಡಿಯುತ್ತವೆ. 409ನ್ನು 40 ಡಿಗ್ರಿಗೆ ತಂದರೆ 372 ಆಗುತ್ತದೆ. 30ರ ಪಟ್ಟಿಯ ಅಂಕಿಗೆ 40ರ ಪಟ್ಟಿಯ ಗುಣಾಂಕ ಹಾಕಿದವರು ಒಂದು ಮೆಟ್ಟಿಲನ್ನೇ ಹಾರಿಬಿಡುತ್ತಾರೆ. 40ರ ಅಂಕಿಗೆ 30ರ ಗುಣಾಂಕ ಹಾಕಿದವರು ಒಂದೇ ಮೆಟ್ಟಿಲನ್ನು ಎರಡು ಸಲ ಇಳಿಯುತ್ತಾರೆ. ಎರಡನ್ನೂ ನಾನು ಸಹಿ ಬಿದ್ದ ವಿನ್ಯಾಸ ಕಡತಗಳಲ್ಲಿ ಕಂಡಿದ್ದೇನೆ. ಯಾವ ಪಟ್ಟಿ ಹಿಡಿದರೂ ಅಡ್ಡಿಯಿಲ್ಲ, ಅದರ ಗುಣಾಂಕಗಳನ್ನೂ ಅದೇ ಪುಸ್ತಕದಿಂದ ತೆಗೆದುಕೊಳ್ಳಿ. ನೆಲದಲ್ಲಿ ಹೂತ ಕೇಬಲ್‌ನ ಅಂಕಣವನ್ನು ಟ್ರೇಗೆ ಬಳಸಬೇಡಿ. ಅದರ ಲೆಕ್ಕವೇ ಬೇರೆ.

ನಿಮ್ಮ ಗಾಳಿ ಎಷ್ಟು ಬಿಸಿ? ಹವಾಮಾನ ವರದಿ ಇಲ್ಲಿ ಕೆಲಸಕ್ಕೆ ಬಾರದು. ರಾಯಚೂರಿನ ಬೇಸಿಗೆಯಲ್ಲಿ ಹೊರಗಿನ ನೆರಳಿನಲ್ಲಿಯೇ 40 ದಾಟುತ್ತದೆ. ತಗಡಿನ ಚಾವಣಿಯಿಂದ ಒಂದು ಮೀಟರ್ ಕೆಳಗೆ, ಯಂತ್ರಗಳ ಬಿಸಿಯೂ ಮೇಲೇರಿ ನಿಲ್ಲುವ ಜಾಗದಲ್ಲಿ, ಅದು ಇನ್ನೂ ಹೆಚ್ಚು. ಏಪ್ರಿಲ್ ಅಥವಾ ಮೇ ತಿಂಗಳ ಮಧ್ಯಾಹ್ನ ಟ್ರೇಯ ಎತ್ತರದಲ್ಲಿ, ಕೇಬಲ್‌ಗಳಿಂದ ಅರ್ಧ ಮೀಟರ್ ಪಕ್ಕಕ್ಕೆ ಒಂದು ತಾಪಮಾಪಕವನ್ನು ತೂಗುಹಾಕಿ. ಕೇಬಲ್‌ಗೆ ಅಂಟಿಸಿದರೆ ಕೇಬಲ್‌ನ ಬಿಸಿಯನ್ನೇ ಓದಿದಂತಾಗುತ್ತದೆ. ಅದು 50 ತೋರಿಸಿತು ಎಂದು ಇಟ್ಟುಕೊಂಡು ಮುಂದೆ ಹೋಗುತ್ತೇನೆ. 409ನ್ನು 0.82ರಿಂದ ಗುಣಿಸಿದರೆ 335.

ಇನ್ನು ನೆರೆಹೊರೆ. ರಂಧ್ರವಿರುವ ಒಂದೇ ಟ್ರೇಯಲ್ಲಿ ಬಹುಕೋರ್ ಕೇಬಲ್‌ಗಳು ತಾಗಿಕೊಂಡು ಒಂದೇ ಪದರದಲ್ಲಿದ್ದರೆ ಐಇಸಿ ಗುಣಾಂಕಗಳು ಹೀಗಿವೆ: ಎರಡಕ್ಕೆ 0.88, ಮೂರಕ್ಕೆ 0.82, ನಾಲ್ಕಕ್ಕೆ 0.79, ಆರಕ್ಕೆ 0.76, ಒಂಬತ್ತಕ್ಕೆ 0.73. ಮೊದಲ ಮೂರು ಕೇಬಲ್‌ಗಳು ಸೇರುವಾಗ ಆಗುವ ನಷ್ಟ ದೊಡ್ಡದು, ಆಮೇಲೆ ಇಳಿತ ನಿಧಾನವಾಗುತ್ತದೆ. ಕಾರಣ ಸರಳ: ನಡುವಿನ ಕೇಬಲ್‌ನ ಎರಡೂ ಪಕ್ಕಗಳು ಮುಚ್ಚಿಹೋದ ಮೇಲೆ ಅದರಾಚೆ ಎಷ್ಟು ಜನ ಬಂದರೂ ಅದಕ್ಕೆ ಹೊಸದಾಗಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ, ಮೇಲೆ ಮತ್ತು ಕೆಳಗೆ ಗಾಳಿ ತೆರೆದೇ ಇರುತ್ತದೆ. ನಿಮ್ಮ ಆರಕ್ಕೂ ಪೂರ್ತಿ ಹೊರೆ ಎಂದುಕೊಂಡರೆ 335ಕ್ಕೆ 0.76, ಅಂದರೆ 255 ಆಂಪಿಯರ್.

ಈ ಗುಣಾಂಕಗಳ ಹಿಂದೆಯೂ ಷರತ್ತುಗಳಿವೆ. ಟ್ರೇಯ ತಳದ ಕನಿಷ್ಠ ಶೇಕಡ 30ರಷ್ಟು ಜಾಗ ರಂಧ್ರವಾಗಿರಬೇಕು. ಅಲ್ಲಲ್ಲಿ ನಾಲ್ಕು ತೂತು ಹೊಡೆದ ತಗಡನ್ನು ರಂಧ್ರದ ಟ್ರೇ ಎಂದು ಮಾರುವವರಿದ್ದಾರೆ. ಅಳತೆಪಟ್ಟಿ ಹಿಡಿದು ನೋಡಿ. ಟ್ರೇ ಮತ್ತು ಗೋಡೆಯ ನಡುವೆ ಕನಿಷ್ಠ 20 ಮಿಮೀ ಅಂತರ ಬೇಕು. ಒಂದರ ಮೇಲೊಂದು ಟ್ರೇ ಇದ್ದರೆ ನಡುವೆ 300 ಮಿಮೀ ಬೇಕು.

ಎಲ್ಲ ಕೇಬಲ್‌ಗಳನ್ನೂ ಎಣಿಸಬೇಕೇ? ಬೇಡ. ಗುಂಪಿನಲ್ಲಿರುವಾಗಿನ ತನ್ನ ಸಾಮರ್ಥ್ಯದ ಶೇಕಡ 30ಕ್ಕಿಂತ ಕಡಿಮೆ ಹೊರುವ ಕೇಬಲ್ ಅನ್ನು ಉಳಿದವುಗಳ ಲೆಕ್ಕದಿಂದ ಬಿಡಬಹುದು. 255ರ ಶೇಕಡ 30 ಎಂದರೆ 76 ಆಂಪಿಯರ್. ನಿಮ್ಮ ದೀಪಗಳ ಕೇಬಲ್ 40ರಲ್ಲಿದೆ. ಅಗ್ನಿಶಾಮಕ ಪಂಪು ಪರೀಕ್ಷೆಯ ದಿನ ಕೆಲವು ನಿಮಿಷ ಓಡುತ್ತದೆ, ಅಷ್ಟರಲ್ಲಿ ಇಷ್ಟು ದಪ್ಪದ ಕೇಬಲ್ ಹೇಳಿಕೊಳ್ಳುವಂತೆ ಕಾಯುವುದಿಲ್ಲ. ನಿಜವಾಗಿ ಬಿಸಿ ಮಾಡುತ್ತಿರುವವು ನಾಲ್ಕು. 335ಕ್ಕೆ 0.79 ಹಾಕಿದರೆ 265. ನಿಮ್ಮ ದೊಡ್ಡ ಫೀಡರ್ 245ರಲ್ಲಿರುವುದರಿಂದ ಚಾವಣಿಯ ಕೆಳಗಿನ ಭಾಗದಲ್ಲಿ ನೀವು ಸುರಕ್ಷಿತರು. ದೀಪ ಮತ್ತು ಪಂಪಿನ ಕೇಬಲ್‌ಗಳನ್ನು ಭಾರದ ಕೇಬಲ್‌ಗಳ ನಡುವೆ ಸರಿಸಿ, 245ರದನ್ನು ಅಂಚಿಗೆ ತಂದರೆ ಇನ್ನಷ್ಟು ಒಳ್ಳೆಯದು. ಇದಕ್ಕೆ ಬಂಡವಾಳ ಬೇಕಾಗಿಲ್ಲ, ಒಂದು ರಜಾದಿನ ಮತ್ತು ನಾಲ್ಕು ಜನರ ತೋಳು ಸಾಕು.

ಈಗ ನಿಮ್ಮ ಗುತ್ತಿಗೆದಾರರ ಪ್ರಸ್ತಾಪ. ಮೇಲೆ ಹೇಳಿದ ಗುಣಾಂಕಗಳೆಲ್ಲ ಒಂದೇ ಪದರಕ್ಕೆ. ಎರಡನೇ ಪದರ ಹಾಸಿದ ಕ್ಷಣ ಆ ಕೋಷ್ಟಕ ನಿಮಗೆ ಸಂಬಂಧಿಸಿದ್ದಲ್ಲ. ಕೆಳಗಿನ ಕೇಬಲ್‌ಗೆ ಉಳಿದಿದ್ದ ಮೇಲ್ಮೈಯೂ ಮುಚ್ಚಿಹೋಗುತ್ತದೆ, ಮೇಲಿನ ಕೇಬಲ್ ಬಿಸಿ ಕೇಬಲ್‌ನ ಮೇಲೆ ಕೂರುತ್ತದೆ. ಆಗ ಕಂತೆಯಾಗಿ ಕಟ್ಟಿದ ಕೇಬಲ್‌ಗಳ ಗುಣಾಂಕಕ್ಕೆ ಹೋಗಬೇಕು: ನಾಲ್ಕಕ್ಕೆ 0.65, ಆರಕ್ಕೆ 0.57, ಎಂಟಕ್ಕೆ 0.52. ಎಂಟು ಕೇಬಲ್‌ಗಳ ರಾಶಿಗೆ 335ರ ಬದಲು 174 ಆಂಪಿಯರ್ ಸಿಗುತ್ತದೆ. ಎರಡು ಹೊಸ ಕೇಬಲ್ ಹಾಸಿದ ತಪ್ಪಿಗೆ ಹಳೆಯ ನಾಲ್ಕೂ ಫೀಡರ್‌ಗಳು ಮಿತಿ ಮೀರಿದವು. ಎರಡು ಹಗುರ ಕೇಬಲ್‌ಗಳನ್ನು ಬಿಟ್ಟು ಆರೆಂದೇ ಎಣಿಸಿದರೂ 191. ನಿಮ್ಮ 190ರ ಫೀಡರ್ ಒಂದು ಕೂದಲೆಳೆಯಲ್ಲಿ ಪಾರಾಗುತ್ತದೆ, ಉಳಿದವು ಇಲ್ಲ.

ಅದೇ ಎರಡು ಕೇಬಲ್‌ಗಳಿಗೆ 300 ಮಿಮೀ ಕೆಳಗೆ ಇನ್ನೊಂದು ಟ್ರೇ ಕಟ್ಟಿ. ಎರಡು ಟ್ರೇಗಳಿದ್ದು ಎರಡರಲ್ಲೂ ಆರಾರು ಕೇಬಲ್ ಪೂರ್ತಿ ಹೊರೆ ಹೊತ್ತಿದ್ದರೆ ಗುಣಾಂಕ 0.73. ಅಂದರೆ 245 ಆಂಪಿಯರ್. ಹನ್ನೆರಡು ಕೇಬಲ್‌ಗಳಿಗೆ ಜಾಗ ಮಾಡಿಕೊಂಡೂ ಕಳೆದುಕೊಂಡಿದ್ದು 255ರಿಂದ 245ಕ್ಕೆ, ಅಷ್ಟೇ. 174 ಎಲ್ಲಿ, 245 ಎಲ್ಲಿ! ಟ್ರೇ, ಬ್ರಾಕೆಟ್, ಬೋಲ್ಟುಗಳ ಖರ್ಚು ಉಳಿಸಲು ಹೋಗಿ ಅಲ್ಯೂಮಿನಿಯಂನ ಮೂರನೇ ಒಂದು ಭಾಗವನ್ನು ಕೈಯಾರೆ ನಿಷ್ಪ್ರಯೋಜಕ ಮಾಡುವುದು ಯಾವ ಉಳಿತಾಯ? ಟ್ರೇಯನ್ನು ಮೇಲೆ ಕಟ್ಟುವ ಬದಲು ಕೆಳಗೆ ಕಟ್ಟಲು ಹೇಳಿದ್ದಕ್ಕೆ ಕಾರಣ, ನಿಮ್ಮ ಚಾವಣಿಯ ಕೆಳಗೆ ಮೇಲೆ ಹೋದಷ್ಟೂ ಗಾಳಿ ಬಿಸಿ.

ರಾಶಿಯ ವಿಚಾರ ಹೊಸದೂ ಅಲ್ಲ. ಸ್ಟಾಲ್ಪೆ ಎಂಬ ಅಮೆರಿಕದ ಇಂಜಿನಿಯರ್ 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಡ್ಡಾದಿಡ್ಡಿ ತುಂಬಿದ ಟ್ರೇಯನ್ನು ಬಿಡಿ ಕೇಬಲ್‌ಗಳೆಂದು ನೋಡದೆ ಒಳಗೆಲ್ಲ ಶಾಖ ಹುಟ್ಟುವ ಒಂದೇ ಚಪ್ಪಟೆ ತುಂಡೆಂದು ಲೆಕ್ಕ ಹಾಕಿದರು. ಆ ದಾರಿಯಲ್ಲಿ ನೋಡಿದರೆ ಕೇಬಲ್‌ಗಳ ಎಣಿಕೆಗಿಂತ ರಾಶಿಯ ಆಳ ಮುಖ್ಯವಾಗುತ್ತದೆ. ಅಮೆರಿಕದ ನಿಯಮಗಳು ಟ್ರೇ ತುಂಬುವಿಕೆಗೆ ಅಷ್ಟು ಮಹತ್ವ ಕೊಡುವುದು ಇದರಿಂದಲೇ. ಮುಚ್ಚಳದ ಬಗೆಗೂ ಅಲ್ಲಿ ಒಂದು ಮಾತಿದೆ: ಗಾಳಿಕಿಂಡಿ ಇಲ್ಲದ ಗಟ್ಟಿ ಮುಚ್ಚಳವನ್ನು 1.8 ಮೀಟರಿಗಿಂತ ಉದ್ದಕ್ಕೆ ಸತತವಾಗಿ ಹಾಕಿದರೆ ಬಹುಕೋರ್ ಕೇಬಲ್‌ನ ಸಾಮರ್ಥ್ಯದಲ್ಲಿ ಶೇಕಡ 95ರಷ್ಟನ್ನೇ ಹಿಡಿಯಬೇಕು.

ಹೊಸ ಕಾಮಗಾರಿಯಲ್ಲಿ ಟ್ರೇ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಅಗಲವಾದದ್ದನ್ನು ತೆಗೆದುಕೊಂಡು ಕೇಬಲ್‌ಗಳ ನಡುವೆ ಒಂದು ವ್ಯಾಸದಷ್ಟು ಜಾಗ ಬಿಡಿ. ಆಗ ಆರು ಕೇಬಲ್‌ಗಳಿಗೂ ಗುಣಾಂಕ 0.91, ಅಂದರೆ 305 ಆಂಪಿಯರ್. ಈ ಅಳತೆಯ ಕೇಬಲ್ ಸುಮಾರು 60 ಮಿಮೀ ದಪ್ಪ. ಆರು ಕೇಬಲ್ ಮತ್ತು ಐದು ಸಂದು ಸೇರಿ 660 ಮಿಮೀ ಆಗುವುದರಿಂದ 750ರ ಟ್ರೇ ಬೇಕು. ಸಂದು ಉಳಿಯಬೇಕಾದರೆ ಕ್ಲೀಟ್ ಅಥವಾ ಸ್ಯಾಡಲ್ ಹಾಕಿ ಬಿಗಿಯಬೇಕು, ಇಲ್ಲದಿದ್ದರೆ ಮುಂದಿನ ಸಲ ಕೇಬಲ್ ಎಳೆಯುವವರು ಎಲ್ಲವನ್ನೂ ಒಂದು ಕಡೆಗೆ ತಳ್ಳಿ ಹೋಗುತ್ತಾರೆ. ಏಣಿಯಂತೆ ಅಡ್ಡಪಟ್ಟಿಗಳಿರುವ ಲ್ಯಾಡರ್ ಟ್ರೇಯಲ್ಲಿ ತಾಗಿಕೊಂಡೇ ಇದ್ದರೂ ಆರಕ್ಕೆ 0.79.

ಆರ್ಮರ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಕೇಬಲ್ ಭಾರತೀಯ ಮಾನದಂಡ ಐಎಸ್ 7098ರ ಮೊದಲ ಭಾಗದ್ದು. ಅದರ ಆರ್ಮರ್ ಕಲಾಯಿ ಹಾಕಿದ ಉಕ್ಕಿನ ಚಪ್ಪಟೆ ಪಟ್ಟಿ ಅಥವಾ ದುಂಡು ತಂತಿ. ಮೂರೂ ಫೇಸ್‌ಗಳು ಒಂದೇ ಆರ್ಮರ್‌ನ ಒಳಗಿರುವುದರಿಂದ ಅವುಗಳ ಕಾಂತಕ್ಷೇತ್ರಗಳು ಬಹುಪಾಲು ಒಂದನ್ನೊಂದು ಅಳಿಸುತ್ತವೆ. ಉಳಿದ ಅಲ್ಪ ಕ್ಷೇತ್ರದಿಂದ ಉಕ್ಕಿನಲ್ಲಿ ಸಣ್ಣ ನಷ್ಟ ಆಗುತ್ತದೆ. ಇನ್ನೊಂದು ಕಡೆ ಆರ್ಮರ್‌ನಿಂದ ಕೇಬಲ್ ದಪ್ಪವಾಗಿ ಗಾಳಿಗೆ ತೆರೆದ ಮೈ ಹೆಚ್ಚುತ್ತದೆ. ಇವೆರಡೂ ಹೆಚ್ಚುಕಡಿಮೆ ಸರಿದೂಗುತ್ತವೆ. ಆರ್ಮರ್ ಇರುವ ಮತ್ತು ಇಲ್ಲದ ಬಹುಕೋರ್ ಕೇಬಲ್‌ಗಳಿಗೆ ಬೇರೆ ಬೇರೆ ಕೋಷ್ಟಕ ಕೊಡುವ ಬ್ರಿಟಿಷ್ ನಿಯಮಾವಳಿ ಬಿಎಸ್ 7671ರಲ್ಲಿ ಈ ಗಾತ್ರದ ಆರ್ಮರ್ಡ್ ಕೇಬಲ್‌ನ ಅಂಕಿ ಒಂದೆರಡು ಶೇಕಡದಷ್ಟು ಹೆಚ್ಚಿದೆ, ಅಷ್ಟೇ. ಆರ್ಮರ್ ಇರುವುದು ಪೆಟ್ಟು ತಡೆಯಲು ಮತ್ತು ಭೂಸಂಪರ್ಕದ ದಾರಿಯಾಗಲು. ಅದು ಬಿಸಿ ಎಳೆದುಕೊಂಡರೂ ಆ ಬಿಸಿ ಎಲ್ಲಿಗೆ ಹೋಗಬೇಕು? ಪಕ್ಕದ ಕೇಬಲ್‌ನ ಆರ್ಮರ್ ಕೂಡ ಅಷ್ಟೇ ಬಿಸಿಯಾಗಿ ಕಾದು ಕುಳಿತಿದೆ.

ಈ ಸಮಾಧಾನ ಸಿಂಗಲ್ ಕೋರ್ ಕೇಬಲ್‌ಗೆ ಅನ್ವಯಿಸುವುದಿಲ್ಲ. ಒಂದೇ ಫೇಸ್ ಅನ್ನು ಸುತ್ತುವರಿದ ಉಕ್ಕಿನಲ್ಲಿ ಅಳಿಸಿಹೋಗುವ ಕ್ಷೇತ್ರ ಯಾವುದೂ ಇಲ್ಲ, ಉಕ್ಕೇ ಕಾಯುತ್ತದೆ. ಅದಕ್ಕೇ ಎಸಿ ಸಿಂಗಲ್ ಕೋರ್ ಕೇಬಲ್‌ಗೆ ಅಲ್ಯೂಮಿನಿಯಂ ತಂತಿಯ ಆರ್ಮರ್ ಬೇಕು. ಟ್ರಾನ್ಸ್‌ಫಾರ್ಮರ್‌ನಿಂದ ಮುಖ್ಯ ಪ್ಯಾನೆಲ್‌ಗೆ ಅಂಥ ಕೇಬಲ್ ಹಾಕಿದ್ದರೆ ಮೂರು ಫೇಸ್‌ಗಳನ್ನು ತ್ರಿಕೋನವಾಗಿ ಒಟ್ಟು ಸೇರಿಸಿ ಕಟ್ಟಿದ್ದಾರೆಯೇ, ಗ್ಲ್ಯಾಂಡ್ ಪ್ಲೇಟ್ (ಕೇಬಲ್ ಪ್ಯಾನೆಲ್ ಒಳಗೆ ಹೋಗುವ ತೂತುಗಳಿರುವ ತಗಡು) ಅಲ್ಯೂಮಿನಿಯಂನದೇ ಎಂದು ನೋಡಿ. ಮೂರು ಫೇಸ್‌ಗಳು ಉಕ್ಕಿನ ಪ್ಲೇಟಿನ ಮೂರು ಬೇರೆ ತೂತುಗಳಿಂದ ಒಳಹೋದರೆ ಆ ಪ್ಲೇಟು ಕೈ ಇಡಲಾಗದಷ್ಟು ಕಾಯುತ್ತದೆ. ಆರ್ಮರ್ ಅನ್ನು ಎರಡೂ ತುದಿಗಳಲ್ಲಿ ಭೂಮಿಗೆ ಕಟ್ಟಿದರೆ ಅದರಲ್ಲಿ ಸುತ್ತುಪ್ರವಾಹ ಹರಿದು ಸಾಮರ್ಥ್ಯ ಇಳಿಯುತ್ತದೆ. ಚಿಕ್ಕ ದೂರವಾದರೆ ಒಂದೇ ತುದಿಯಲ್ಲಿ ಕಟ್ಟಿ ಇನ್ನೊಂದು ತುದಿಯನ್ನು ಪ್ರತ್ಯೇಕಿಸುವ ಪದ್ಧತಿ ಇದೆ, ಆದರೆ ಆ ತುದಿಯಲ್ಲಿ ಏಳುವ ವೋಲ್ಟೇಜನ್ನು ಲೆಕ್ಕ ಹಾಕಿದ ಮೇಲೆ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಬಾಯ್ಲರ್ ಪಕ್ಕದ ಹತ್ತು ಹನ್ನೆರಡು ಮೀಟರ್. ಕೇಬಲ್‌ನ ಸಾಮರ್ಥ್ಯವನ್ನು ಅದರ ದಾರಿಯ ಅತಿ ಕೆಟ್ಟ ತುಂಡು ನಿರ್ಧರಿಸುತ್ತದೆ, ಸರಾಸರಿ ಅಲ್ಲ. ಗೋಡೆಯೊಳಗಿಂದ ಹಾದುಹೋಗುವ 0.35 ಮೀಟರಿನವರೆಗಿನ ತುಂಡನ್ನು ನಿಯಮವೇ ಮನ್ನಿಸುತ್ತದೆ. ಹತ್ತು ಮೀಟರನ್ನು ಮನ್ನಿಸುವುದಿಲ್ಲ. ಅಲ್ಲಿ ಗಾಳಿ 60 ಡಿಗ್ರಿ ಇದ್ದರೆ ಗುಣಾಂಕ 0.71, ಸಾಮರ್ಥ್ಯ 290. ನಾಲ್ಕು ಕೇಬಲ್‌ಗಳ 0.79 ಹಾಕಿದರೆ 229. ನಿಮ್ಮ 245 ಮತ್ತು 230ರ ಫೀಡರ್‌ಗಳೆರಡೂ ಅದನ್ನು ದಾಟಿವೆ.

ಹಾಗಾದರೆ ಇನ್ನೂ ಸುಟ್ಟಿಲ್ಲವೇಕೆ ಎಂದು ಕೇಳುತ್ತೀರಿ. ಗುಂಪಿನ ಗುಣಾಂಕ ಎಲ್ಲ ಕೇಬಲ್‌ಗಳೂ ಒಂದೇ ಸಮ ಪೂರ್ತಿ ಹೊರೆ ಹೊತ್ತಿವೆ ಎಂದು ಹಿಡಿಯುತ್ತದೆ. ನಿಮ್ಮ ನಾಲ್ಕರಲ್ಲಿ ಎರಡು ಕಡಿಮೆ ಹೊತ್ತಿವೆ. ನಾಲ್ಕರ ಪ್ರವಾಹಗಳ ವರ್ಗಗಳ ಸರಾಸರಿ ತೆಗೆದು ವರ್ಗಮೂಲ ಹಾಕಿದರೆ 220 ಬರುತ್ತದೆ, ಅದು 229ರ ಒಳಗಿದೆ. ಒಟ್ಟು ಟ್ರೇಯ ಶಾಖ ಮಿತಿಯೊಳಗಿದೆ, ಆ ಎರಡು ಕೇಬಲ್‌ಗಳು ಮಾತ್ರ ಸ್ವಲ್ಪ ಮೀರುತ್ತಿವೆ. ಮಿತಿ ಕೆಲವು ಡಿಗ್ರಿ ಮೀರಿದ ಕೂಡಲೇ ಎಕ್ಸ್‌ಎಲ್‌ಪಿಇ ಕರಗಿ ಹರಿಯುವುದಿಲ್ಲ, ಬೇಗ ಮುದಿಯಾಗುತ್ತದೆ. ಎಂಟು ಹತ್ತು ಡಿಗ್ರಿ ಏರಿದರೆ ನಿರೋಧಕದ ಆಯುಷ್ಯ ಅರ್ಧವಾಗುತ್ತದೆ ಎಂಬ ಹಳೆಯ ಅಂದಾಜು ಸ್ಥೂಲವಾದರೂ ದಿಕ್ಕು ಸರಿ. ಆ ತುಂಡಿನಲ್ಲಿ ಟ್ರೇಯನ್ನು ಬಾಯ್ಲರ್‌ನಿಂದ ದೂರ ಸರಿಸಲು ಆದರೆ ಅದೇ ಉತ್ತಮ. ಆಗದಿದ್ದರೆ ನಡುವೆ ಶಾಖ ತಡೆಯುವ ಹಲಗೆ ನಿಲ್ಲಿಸಿ, ಹಬೆ ಕೊಳವೆಗಳ ಹೊದಿಕೆ ಎಲ್ಲಿ ಹರಿದಿದೆ ನೋಡಿ ಮುಚ್ಚಿಸಿ, ಅಷ್ಟು ದೂರಕ್ಕೆ ಮಾತ್ರ ಟ್ರೇಯನ್ನು ಅಗಲ ಮಾಡಿ ಕೇಬಲ್‌ಗಳನ್ನು ಬಿಡಿಸಿ. ಬಿಡಿಸಿ ಹಾಸಿದರೆ ಆರಕ್ಕೂ ಗುಣಾಂಕ 0.91 ಆಗಿ 60 ಡಿಗ್ರಿಯಲ್ಲಿಯೂ 264 ಸಿಗುತ್ತದೆ.

ಬಯಲಿನ ತುಂಡನ್ನೂ ಕಡೆಗಣಿಸಬೇಡಿ. ಕೇಬಲ್ ಸಾಮರ್ಥ್ಯದ ಲೆಕ್ಕ ಹೇಳುವ ಐಇಸಿ 60287ರಲ್ಲಿ ಬಿಸಿಲಿನ ತೀವ್ರತೆಯನ್ನು ಚದರ ಮೀಟರಿಗೆ 1000 ವ್ಯಾಟ್ ಎಂದೂ ಪಿವಿಸಿ ಹೊರಕವಚ ಅದರಲ್ಲಿ 0.6 ಪಾಲನ್ನು ಹೀರುತ್ತದೆ ಎಂದೂ ಹಿಡಿಯುತ್ತಾರೆ. 60 ಮಿಮೀ ದಪ್ಪದ ಕೇಬಲ್ ಮೀಟರಿಗೆ 36 ವ್ಯಾಟ್ ಹೀರಿತು. 255 ಆಂಪಿಯರ್ ಹರಿಯುವಾಗ ಅದರ ಒಳಗೆ ಹುಟ್ಟುವುದೇ 31 ವ್ಯಾಟ್ ಎಂದು ಮೇಲೆ ನೋಡಿದೆವು. ಮಧ್ಯಾಹ್ನದ ಸೂರ್ಯ ಅದಕ್ಕಿಂತ ದೊಡ್ಡ ಹೊರೆ. ಟ್ರೇಯ ಮೇಲೆ ನೆರಳಿನ ತಗಡು ಹಾಕಿ, ಆದರೆ ಟ್ರೇಗೆ ಮುಚ್ಚಳದಂತೆ ಅಂಟಿಸದೆ ನಾಲ್ಕಾರು ಬೆರಳು ಎತ್ತರದಲ್ಲಿ, ಪಕ್ಕಗಳು ತೆರೆದಿರುವಂತೆ ನಿಲ್ಲಿಸಿ.

ಗಿರಣಿಯವರಿಗೆ ಮಾತ್ರ ಬರುವ ಇನ್ನೊಂದು ತೊಂದರೆ ಭತ್ತದ ಹೊಟ್ಟು ಮತ್ತು ತೌಡಿನ ದೂಳು. ಅದು ಟ್ರೇಯ ರಂಧ್ರಗಳನ್ನು ಮುಚ್ಚುತ್ತದೆ, ಕೇಬಲ್‌ಗಳ ಸಂದುಗಳನ್ನು ತುಂಬುತ್ತದೆ, ಮೇಲೆ ಕಂಬಳಿಯಂತೆ ಹೊದೆಯುತ್ತದೆ. ರಂಧ್ರಗಳು ಮುಚ್ಚಿಹೋದ ಟ್ರೇ ರಂಧ್ರವಿಲ್ಲದ ಟ್ರೇಯೇ. ಅದರಲ್ಲಿ ತಾಗಿಕೊಂಡ ಆರು ಕೇಬಲ್‌ಗಳಿಗೆ ಗುಣಾಂಕ 0.71, ಅಂದರೆ 238. ಮೇಲಿನ ಹೊದಿಕೆಗೆ ಯಾವ ಕೋಷ್ಟಕವೂ ಗುಣಾಂಕ ಕೊಡುವುದಿಲ್ಲ, ಮತ್ತು ಆ ಹೊದಿಕೆ ಹೊತ್ತಿಕೊಳ್ಳುವಂಥದು. ಪ್ರತಿ ಹಂಗಾಮಿಗೆ ಮೊದಲು, ನಡುವೆ ಒಮ್ಮೆ, ವಿದ್ಯುತ್ ಕಡಿದು ನಿರ್ವಾತ ಯಂತ್ರದಿಂದ ಹೀರಿಸಿ. ಗಾಳಿ ಊದಿ ಹಾರಿಸಬೇಡಿ, ಹಾರಿದ ದೂಳು ಸ್ಫೋಟಕವಾಗಬಲ್ಲದು.

ಎಂಸಿಸಿಬಿಗಳ ಬಗ್ಗೆ ನೀವು ಪ್ರಶ್ನೆ ಕೇಳಿಲ್ಲ, ಆದರೆ ಮೊದಲು ಸರಿಪಡಿಸಬೇಕಾದದ್ದು ಅದೇ. ರಕ್ಷಣೆಯ ಸರಳ ನಿಯಮ: ಹೊರೆಯ ಪ್ರವಾಹಕ್ಕಿಂತ ಬ್ರೇಕರ್ ದೊಡ್ಡದು, ಬ್ರೇಕರ್‌ಗಿಂತ ಕೇಬಲ್‌ನ ಸಾಮರ್ಥ್ಯ ದೊಡ್ಡದು. ಇಲ್ಲಿ ಬಾಯ್ಲರ್ ಪಕ್ಕದ ತುಂಡನ್ನು ಸರಿಪಡಿಸಿದರೂ ಕೇಬಲ್ 255ರಲ್ಲಿದೆ, ಬ್ರೇಕರ್ 400ರಲ್ಲಿದೆ. ನಾಳೆ ಯಾರೋ ಒಂದು ಹೊಸ ಮೋಟರ್ ಸೇರಿಸಿ ಫೀಡರ್ 340ಕ್ಕೆ ಏರಿದರೆ ಬ್ರೇಕರ್‌ಗೆ ಅದು ಮಾಮೂಲಿ ಪ್ರವಾಹ. ವರ್ಷವಿಡೀ ಬೀಳುವುದಿಲ್ಲ, ಕೇಬಲ್ ಬೇಯುತ್ತಿರುತ್ತದೆ. ಮುಖಪಟ್ಟಿಯ ಮೇಲಿನ ಓವರ್‌ಲೋಡ್ ತಿರುಗುಗುಂಡಿಯನ್ನು ನೋಡಿ. ಥರ್ಮಲ್ ಬಗೆಯದಾದರೆ ಸಾಮಾನ್ಯವಾಗಿ 0.7 ಅಥವಾ 0.8ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಅಂದರೆ 280 ಅಥವಾ 320. ಅದು ಸಾಲದು, 250ರ ಬ್ರೇಕರ್ ಬೇಕಾಗುತ್ತದೆ. ಎಲೆಕ್ಟ್ರಾನಿಕ್ ರಿಲೀಸ್ (ಬ್ರೇಕರ್ ಅನ್ನು ಬೀಳಿಸುವ ಸಾಧನ) ಇದ್ದರೆ 0.6ಕ್ಕೆ, ಅಂದರೆ 240ಕ್ಕೆ ಇಳಿಸಬಹುದು; ಆಗ 245ರ ಫೀಡರ್‌ನಿಂದ ಸ್ವಲ್ಪ ಹೊರೆಯನ್ನು 190ರದಕ್ಕೆ ವರ್ಗಾಯಿಸಬೇಕು. ಪಂಪಿನ ಫೀಡರ್ ಅನ್ನು ಮಾತ್ರ ಹೀಗೆ ಬಿಗಿ ಮಾಡಬೇಡಿ, ಬೆಂಕಿ ಬಿದ್ದಾಗ ಅದು ಬೀಳಬಾರದು.

ದೀಪಗಳ ಫೀಡರ್‌ನಲ್ಲಿ ಮತ್ತು ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಯಂತ್ರಗಳ ಫೀಡರ್‌ನಲ್ಲಿ ನ್ಯೂಟ್ರಲ್ ಅನ್ನೂ ಕ್ಲ್ಯಾಂಪ್ ಮೀಟರ್‌ನಿಂದ ಅಳೆಯಿರಿ. ಎಲ್‌ಇಡಿ ಮತ್ತು ಸಣ್ಣ ಎಲೆಕ್ಟ್ರಾನಿಕ್ ವಿದ್ಯುತ್ ಪೂರೈಕೆಗಳ ಮೂರನೇ ಹಾರ್ಮೋನಿಕ್ (ಮೂಲ ಆವರ್ತನದ ಮೂರು ಪಟ್ಟು ಆವರ್ತನದ) ಪ್ರವಾಹಗಳು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತವೆ, ನಿಮ್ಮ ಮೂರೂವರೆ ಕೋರ್ ಕೇಬಲ್‌ನ ನ್ಯೂಟ್ರಲ್ 120 ಚದರ ಮಿಮೀ ಮಾತ್ರ. ಮೂರನೇ ಹಾರ್ಮೋನಿಕ್ ಶೇಕಡ 15 ದಾಟಿದರೆ ಇನ್ನೊಂದು 0.86ರ ಗುಣಾಂಕ ಬರುತ್ತದೆ, ಶೇಕಡ 33 ದಾಟಿದರೆ ಲೆಕ್ಕವನ್ನು ನ್ಯೂಟ್ರಲ್‌ನಿಂದಲೇ ಶುರುಮಾಡಬೇಕು. ಮೂರು ಫೇಸ್ ಮೋಟರ್ ಡ್ರೈವ್‌ಗಳಿಂದ ಈ ಕಾಟ ಇಲ್ಲ.

ವೋಲ್ಟೇಜ್ ಇಳಿತ ಮತ್ತು ಶಾರ್ಟ್ ಸರ್ಕ್ಯೂಟ್ ಎರಡೂ ನಿಮಗೆ ಅಡ್ಡಿಯಾಗುವಂತೆ ಕಾಣುವುದಿಲ್ಲ. 150 ಮೀಟರ್ ದೂರಕ್ಕೆ 250 ಆಂಪಿಯರ್ ಒಯ್ದರೆ 415ರಲ್ಲಿ ಸುಮಾರು 11 ವೋಲ್ಟ್ ಇಳಿಯುತ್ತದೆ. 240 ಚದರ ಮಿಮೀ ಅಲ್ಯೂಮಿನಿಯಂ ಒಂದು ಸೆಕೆಂಡಿಗೆ 22 ಕಿಲೋ ಆಂಪಿಯರ್‌ಗಿಂತ ತುಸು ಹೆಚ್ಚು ತಡೆಯುತ್ತದೆ.

ಈ ಲೆಕ್ಕವನ್ನೆಲ್ಲ ನಿಮ್ಮ ಟ್ರೇಯೇ ಪರೀಕ್ಷಿಸಲಿ. ಬಾಯ್ಲರ್ ಪಕ್ಕದಲ್ಲಿ, ಗುಂಪಿನ ನಡುವಿನ ಕೇಬಲ್‌ನ ಹೊರಕವಚಕ್ಕೆ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಇಟ್ಟು ಟೇಪಿನಿಂದ ಬಿಗಿದು, ಹಂಗಾಮಿನ ಪೂರ್ತಿ ಹೊರೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಪ್ರವಾಹದ ಜೊತೆಗೆ ಬರೆದಿಡಿ. ಇಷ್ಟು ದಪ್ಪದ ಕೇಬಲ್ ಸ್ಥಿರ ತಾಪಕ್ಕೆ ಬರಲು ಗಂಟೆಗಳೇ ಹಿಡಿಯುತ್ತವೆ, ಅರ್ಧ ಗಂಟೆಯ ಓದಿನಿಂದ ಮೋಸ ಹೋಗಬೇಡಿ. ಇನ್‌ಫ್ರಾರೆಡ್ ಗನ್ ಬಳಸುವುದಾದರೆ ಕಪ್ಪು ಹೊರಕವಚಕ್ಕೇ ಗುರಿಯಿಡಿ. ಹೊಳೆಯುವ ಕಲಾಯಿ ಟ್ರೇಯ ಮೇಲೆ ಅದು ತೋರಿಸುವ ಅಂಕಿ ನಿಜಕ್ಕಿಂತ ಬಹಳ ಬೇರೆಯಾಗಿರುತ್ತದೆ. ಹೊರಕವಚ 60, 65 ಡಿಗ್ರಿ ಇದ್ದರೆ ಕೈಗೆ ಸುಡುತ್ತದೆ, ಆದರೆ ಕೇಬಲ್‌ಗೆ ಅದು ಸಹಜ. 80ರ ಹತ್ತಿರ ಬಂದರೆ ಒಳಗಿನ ವಾಹಕ 90ನ್ನು ಮುಟ್ಟಿದೆ ಎಂದೇ ತಿಳಿದು ಅದೇ ದಿನ ಹೊರೆ ಇಳಿಸಿ. ಪ್ಯಾನೆಲ್ ತೆರೆದಿರುವಾಗ, ಕೇಬಲ್ ತುದಿಗೆ ಒತ್ತಿ ಕೂರಿಸಿದ ಲಗ್‌ಗಳನ್ನೂ ನೋಡಿಬಿಡಿ. ಅಲ್ಯೂಮಿನಿಯಂ ಕೇಬಲ್‌ನಲ್ಲಿ ಟ್ರೇಗಿಂತ ಮೊದಲು ಸುಡುವುದು ಸರಿಯಾಗಿ ಒತ್ತದ ಲಗ್.